ಅಮಾವಾಸ್ಯೆ ನಾಳೆ ಎಂದ ಲೈಬ್ರರಿ

ಜಹೀರಾಬಾದಿನ ನಮ್ಮ ಓಣಿಯಲ್ಲಿ ಈಗ ಎರಡು ಮನೆಯ ಹೆಣ್ಣುಮಕ್ಕಳು ಕಂಪ್ಯೂಟರ್ ಕಲಿತು ವೆಬ್ ಕೆಲಸಕ್ಕೆ ಸೇರಿದ್ದಾರೆ. ಸಂಜೆ ಕಟ್ಟೆಯ ಮೇಲೆ ಬಂದು ಕೂತು, ಆಂಟಿ, ಇಷ್ಟು ವರ್ಷ ನೀವು ಮಾಡಿದ ಕೆಲಸ ಹೇಗಿತ್ತು ಎಂದು ಕೇಳುತ್ತಾರೆ. ನಾನು ಒಲೆಯ ಮೇಲೆ ಬೇಳೆ ಇಟ್ಟು ಬಂದಿರುತ್ತೇನೆ. ಅರ್ಧ ಹೇಳಿ ಎದ್ದು ಹೋಗುತ್ತೇನೆ. ಬೇಳೆಯೂ ಕೆಡುತ್ತದೆ, ಮಾತೂ ಕೆಡುತ್ತದೆ. ಅದಕ್ಕೇ ಬರೆದುಕೊಡುತ್ತೇನೆ ಎಂದೆ.

ಮೊದಲೇ ಹೇಳಿಬಿಡುತ್ತೇನೆ. ಆ ಕೆಲಸದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಮಾಡಿದ್ದು ಅಂಜುವುದು. ಬೆಳಿಗ್ಗೆ ಲಿಂಗಪೂಜೆಗೆ ಕೂತಾಗಲೂ ಕಣ್ಣು ಮುಚ್ಚಿದರೆ ನಾರಾಯಣಖೇಡದ ರಸ್ತೆಯೇ ಕಾಣುತ್ತಿತ್ತು. ಶಿವಾ, ಇವತ್ತು ಗಾಡಿ ಹೊತ್ತಿಗೆ ಸರಿಯಾಗಿ ಹೋಗಲಿ ಎಂದು ಕೇಳಿಕೊಂಡೇ ಏಳುತ್ತಿದ್ದೆ.

ಗಾಡಿ ಎಂದರೆ ಡಯಾಲಿಸಿಸ್ ರೋಗಿಗಳ ಗಾಡಿ. ಕಿಡ್ನಿ ಕೆಟ್ಟವರ ರಕ್ತವನ್ನು ಯಂತ್ರದಲ್ಲಿ ಶುದ್ಧ ಮಾಡಬೇಕು, ವಾರದಲ್ಲಿ ಹಲವು ಸಲ. ಯಂತ್ರ ಇದ್ದದ್ದು ಜಹೀರಾಬಾದಿನಲ್ಲಿ, ರೋಗಿಗಳು ನಾರಾಯಣಖೇಡದ ಕಡೆಯವರು, ತಾಂಡೂರಿನ ಕಡೆಯವರು. ಬಸ್ಸಿನಲ್ಲಿ ನಿಂತು ಬರುವ ಶಕ್ತಿ ಅವರಿಗಿಲ್ಲ. ಯಾರು ಯಾವ ದಿನ ಯಾವ ಗಾಡಿಯಲ್ಲಿ ಬರಬೇಕು ಎಂದು ನೋಡಿಕೊಳ್ಳುವ ವೆಬ್‌ಸೈಟು ನಮ್ಮ ಸಣ್ಣ ಆಫೀಸಿನದು. ಬೀಜದಂಗಡಿಯ ಮೇಲಿನ ಎರಡು ಕೋಣೆ. ಯಜಮಾನರು ಮಾಣಿಕರಾವ್ ಸಾರ್. ಅವರದು ತೆಲುಗು, ನನ್ನದು ಬೀದರಿನ ಕಡೆಯ ಕನ್ನಡ, ನಡುವೆ ಒಂದಿಷ್ಟು ಉರ್ದು. ಹೇಗೋ ತಿಳಿಯುತ್ತಿತ್ತು.

ವೆಬ್‌ಸೈಟನ್ನು ನಾವು ಪೂರ್ತಿ ನಮ್ಮ ಕೈಯಿಂದ ಬರೆಯುವುದಿಲ್ಲ. ಫ್ರೇಮ್‌ವರ್ಕ್ ಎಂದು ಒಂದಿರುತ್ತದೆ. ಅದು ಗೋಡೆ, ಬಾಗಿಲು, ಛಾವಣಿ ಎದ್ದ ಮನೆಯಿದ್ದಂತೆ. ಒಳಗಿನ ಬದುಕಿಗೆ ಬೇಕಾದ ಸಾಮಾನು ನಾವು ತಂದುಕೊಳ್ಳಬೇಕು. ನಕ್ಷೆ ತೋರಿಸಲು ಒಂದು, ಮೆಸೇಜ್ ಕಳಿಸಲು ಇನ್ನೊಂದು. ಯಾವುದೋ ಊರಿನ ಯಾರೋ ಪುಣ್ಯಾತ್ಮರು ಬರೆದು ಎಲ್ಲರೂ ಬಳಸಲಿ ಎಂದು ಬಿಟ್ಟಿರುವ ಕಂಪ್ಯೂಟರ್ ಕೋಡು ಅದು. ಅದಕ್ಕೇ ಲೈಬ್ರರಿ ಎನ್ನುತ್ತೇವೆ. ಹೊರಗಿನವರ ಲೈಬ್ರರಿಯನ್ನು ನಮ್ಮ ಫ್ರೇಮ್‌ವರ್ಕಿನೊಳಗೆ ಹೊಂದಿಸುವುದು ನನ್ನ ಕೆಲಸ. ಮೊಸರಿಗೆ ಪಕ್ಕದ ಮನೆಯಿಂದ ಹೆಪ್ಪು ತಂದ ಹಾಗೆ. ಹೆಪ್ಪು ಅವರದು, ಹಾಲು ನಮ್ಮದು. ಮೊಸರು ಹುಳಿಯಾದರೆ ಉಣ್ಣುವವರು ಮಾತ್ರ ನಮ್ಮ ಮನೆಯವರು.

ನಾನು ಸೇರಿದಾಗ ಲೈಬ್ರರಿಯನ್ನು ಕೈಯಾರೆ ಇಳಿಸಿಕೊಂಡು ಒಂದು ಫೋಲ್ಡರಿನಲ್ಲಿ ಇಡುತ್ತಿದ್ದೆವು. ನಾವಾಗಿ ಮುಟ್ಟುವ ತನಕ ಅದು ಬದಲಾಗುತ್ತಿರಲಿಲ್ಲ. ಆಮೇಲೆ ಒಂದೇ ಆಜ್ಞೆ ಕೊಟ್ಟರೆ ತಾನೇ ಬಂದು ಕೂಡುವ ಪದ್ಧತಿ ಬಂತು. ಸುಖವೇನೋ ಸುಖ. ಆದರೆ ಒಂದನ್ನು ಕರೆದರೆ ಅದಕ್ಕೆ ಬೇಕಾದ ಹತ್ತು ಹಿಂದೆ ಬರುತ್ತಿದ್ದವು, ಬೀಗರೊಬ್ಬರಿಗೆ ಊಟಕ್ಕೆ ಹೇಳಿದರೆ ಗಾಡಿ ತುಂಬ ಬಂದಿಳಿದ ಹಾಗೆ. ಅವರಲ್ಲಿ ಯಾರು ಯಾರೆಂದು ಗುರುತು ಹಿಡಿಯುವಷ್ಟರಲ್ಲಿ ಸಾರು ಮುಗಿದಿರುತ್ತದೆ.

ಮೊದಮೊದಲ ತಪ್ಪುಗಳಿಗೆ ನಕ್ಕು ಬಿಡಬಹುದಿತ್ತು. ನಕ್ಷೆಯ ಲೈಬ್ರರಿಯನ್ನು ಹೊಂದಿಸಿದ ಹೊಸತರಲ್ಲಿ, ನಾರಾಯಣಖೇಡದ ಗಾಡಿ ಓಡಿಸುವ ಬಸವರಾಜ ದಾರಿಯಿಂದಲೇ ಫೋನ್ ಮಾಡಿದ.

“ಅಕ್ಕಾರ, ನಿಮ್ಮ ನಕ್ಷಾ ನನಗ ಬೀದರ ಕಡೆ ಕರಕೊಂಡು ಹೊಂಟದ. ಅಲ್ಲಿ ನಮ್ಮ ಹೆಂಡ್ತಿ ತವರುಮನಿ ಅದ. ಹೋಗಿ ಉಂಡು ಬರಲೇನು?”

ಗಡಿ ದಾಟಿದರೆ ಬಾಡಿಗೆ ಗಾಡಿಗೆ ಬೇರೆ ತೆರಿಗೆ, ಬೇರೆ ಪರವಾನಗಿ. ನಕ್ಷೆಗೆ ರಸ್ತೆ ಗೊತ್ತಿತ್ತು, ರಾಜ್ಯ ಗೊತ್ತಿರಲಿಲ್ಲ. ಕರ್ನಾಟಕದ ಕಡೆ ತಿರುಗಬೇಡ ಎಂದು ಅದಕ್ಕೆ ಕಲಿಸಲು ಎರಡು ದಿನ ಹಿಡಿಯಿತು. ಮೆಸೇಜಿನ ಲೈಬ್ರರಿಯದು ಇನ್ನೊಂದು ಕಾಟ. ನೆಟ್‌ವರ್ಕ್ ಕೈಕೊಟ್ಟರೆ ಹಳೆಯ ಮೆಸೇಜನ್ನೇ ಮತ್ತೆ ಕಳಿಸುತ್ತಿತ್ತು. ಡ್ರೈವರುಗಳು ಬೈದು ಬೈದು ಕೊನೆಗೆ ರೂಢಿ ಮಾಡಿಕೊಂಡರು. ಆ ರೂಢಿ ಮುಂದೆ ನನ್ನ ಜೀವ ಬಾಯಿಗೆ ತಂದಿತು.

ಈಗ ಅಮಾವಾಸ್ಯೆಯ ವಿಷಯ. ನಮ್ಮ ಕಡೆ ಗಾಡಿಯವರಿಗೆ ಅಮಾವಾಸ್ಯೆ ದೊಡ್ಡದು. ಗಾಡಿ ತೊಳೆದು, ಸಂಜೆ ಕಾಯಿ ಒಡೆದು, ಗಾಲಿಗೆ ನಿಂಬೆಹಣ್ಣು ಇಡುತ್ತಾರೆ. ಕೆಲವರು ಪೂಜೆ ಮಾಡಿ ಹೊರಡುತ್ತಾರೆ, ಕೆಲವರು ಆ ದಿನ ಗಾಡಿ ತೆಗೆಯುವುದೇ ಇಲ್ಲ. ಬಸವರಾಜ ತೆಗೆಯದವನು. ತಾಂಡೂರಿನ ದಾರಿ ನೋಡಿಕೊಳ್ಳುತ್ತಿದ್ದ ಖಾಜಾಭಾಯಿಗೆ ಈ ನೇಮವಿಲ್ಲ. ಹಾಗಾಗಿ ಅಮಾವಾಸ್ಯೆಯ ದಿನ ನಾರಾಯಣಖೇಡದ ಪಾಳಿ ಖಾಜಾಭಾಯಿಗೆ, ಬಸವರಾಜನಿಗೆ ರಜೆ ಎಂದು ಗೊತ್ತುಮಾಡಿದ್ದೆವು.

ವೆಬ್‌ಸೈಟಿಗೆ ಅಮಾವಾಸ್ಯೆ ಯಾವತ್ತು ಎಂದು ತಿಳಿಯಬೇಕಲ್ಲ? ಅದಕ್ಕೊಂದು ಪಂಚಾಂಗದ ಲೈಬ್ರರಿ ಸಿಕ್ಕಿತು. ತಿಥಿ ನಡುರಾತ್ರಿಗೆ ಬದಲಾಗುವುದಿಲ್ಲ, ಯಾವ ಹೊತ್ತಿಗಾದರೂ ಹಿಡಿಯುತ್ತದೆ, ಯಾವ ಹೊತ್ತಿಗಾದರೂ ಬಿಡುತ್ತದೆ. ಸೂರ್ಯ ಹುಟ್ಟುವಾಗ ಯಾವ ತಿಥಿ ಇದೆಯೋ ಅದೇ ಆ ದಿನದ ತಿಥಿ ಎಂಬುದು ಆ ಲೈಬ್ರರಿಯ ಲೆಕ್ಕ. ನಮ್ಮ ಗಾಡಿಯವರ ಪೂಜೆ ಸಂಜೆಯದು. ಆದ್ದರಿಂದ ಸಂಜೆ ಯಾವ ತಿಥಿ ಇದೆಯೆಂದು ನೋಡಿ ಹೇಳು ಎಂದು ಅದಕ್ಕೆ ಒಂದು ಸೂಚನೆ ಕೊಟ್ಟು ಹೊಂದಿಸಿದೆ. ಗೋಡೆಯ ಕ್ಯಾಲೆಂಡರಿನ ಜೊತೆ ಹಿಡಿದು ನೋಡಿದೆ, ಸರಿಬಂತು. ಒಂದು ವರ್ಷಕ್ಕೂ ಮೇಲೆ ಯಾವ ತೊಂದರೆಯೂ ಇಲ್ಲದೆ ನಡೆಯಿತು. ಅದನ್ನೂ ನಾನು ದೇವರ ಕೃಪೆ ಎಂದೇ ಎಣಿಸಿದ್ದೇನೆ.

ಮಾಣಿಕರಾವ್ ಸಾರಿಗೆ ಹೊಸದರ ಹುಚ್ಚು. ಲೈಬ್ರರಿಗಳ ಹೊಸ ಆವೃತ್ತಿ ಬಂದರೆ ತಕ್ಷಣ ತಗೊಳ್ಳಬೇಕು, ಹಳೆಯದು ಇಟ್ಟುಕೊಂಡರೆ ಕಳ್ಳರು ನುಗ್ಗುತ್ತಾರೆ ಎನ್ನುತ್ತಿದ್ದರು. ಅದು ಸುಳ್ಳಲ್ಲ. ಆದರೆ ಅವರು ಎಲ್ಲವೂ ತಾನೇ ಹೊಸದಾಗುವಂತೆ ಮಾಡಿಟ್ಟಿದ್ದರು. ಏನು ಬದಲಾಯಿತು ಎಂದು ಓದುವ ಪುರುಸೊತ್ತು ಯಾರಿಗೂ ಇರಲಿಲ್ಲ. ನಾನು ಒಂದೆರಡು ಸಲ ಹೇಳಿದೆ. ಮಹಾನಂದಾ, ನೀನು ಎಲ್ಲದಕ್ಕೂ ಹೆದರುತ್ತೀ ಎಂದು ನಕ್ಕರು. ನಿಜವೇ, ಹೆದರುತ್ತಿದ್ದೆ.

ಆ ಸೋಮವಾರ ಅಮಾವಾಸ್ಯೆ. ಸೋಮವಾರವೂ ಅಮಾವಾಸ್ಯೆಯೂ ಕೂಡಿ ಬಂದರೆ ನಮಗೆ ಶಿವನ ದೊಡ್ಡ ದಿನ. ಅತ್ತೆ ನಸುಕಿನಲ್ಲೇ ಎದ್ದು ಹೂರಣ ರುಬ್ಬಿದ್ದರು. ಹೋಳಿಗೆ ಮಾಡಿ, ಎಡೆ ಹಿಡಿದು, ಹಣೆಗೆ ವಿಭೂತಿ ಹಚ್ಚಿಕೊಂಡು ಆಫೀಸಿಗೆ ಹೋದೆ. ಕುರ್ಚಿಯಲ್ಲಿ ಕೂರುವ ಮೊದಲೇ ಫೋನ್ ಬಂತು. ಸುನಂದಾ, ಕಾಶವ್ವನ ಮಗಳು.

ಕಾಶವ್ವ ನಾರಾಯಣಖೇಡದ ಹತ್ತಿರದ ಹಳ್ಳಿಯವಳು. ತೊಗರಿ ರಾಶಿ ಮಾಡಿ ಗಟ್ಟಿಯಾದ ಮೈ, ಈಗ ಕಾಲು ಬಾತು ಕಂಬದ ಹಾಗೆ ಆಗಿದ್ದವು. ಹಿಂದಿನ ಪಾಳಿ ಜ್ವರದಿಂದ ತಪ್ಪಿತ್ತು. ಇನ್ನೊಂದು ತಪ್ಪಿದರೆ ನೀರು ಎದೆಗೇರುತ್ತದೆ, ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಅದು ನಮಗೆಲ್ಲ ಗೊತ್ತಿತ್ತು.

“ಅಕ್ಕಾರ, ಗಾಡಿ ಇನ್ನಾ ಬಂದಿಲ್ರಿ,” ಎಂದಳು ಸುನಂದಾ. “ಅವ್ವಗ ದಮ್ಮು ಹತ್ಯಾದ. ಕುಂತ್ರೂ ಆಗವಲ್ದು, ಮಲಗಿದ್ರೂ ಆಗವಲ್ದು.”

ನಾನು ಪರದೆ ತೆಗೆದೆ. ಅಲ್ಲಿ ಎಲ್ಲವೂ ಹಸಿರಾಗಿತ್ತು. ಇವತ್ತಿನ ಪಾಳಿ ಬಸವರಾಜನಿಗೆ, ಮೆಸೇಜ್ ಹೋಗಿದೆ. ಖಾಜಾಭಾಯಿ ನಾಳೆ. ಏಕೆಂದರೆ ಅಮಾವಾಸ್ಯೆ ನಾಳೆ, ಮಂಗಳವಾರ. ನನ್ನ ಡಬ್ಬಿಯಲ್ಲಿ ಹೋಳಿಗೆ ಇನ್ನೂ ಬೆಚ್ಚಗಿತ್ತು, ಪರದೆಯ ಮೇಲೆ ಅಮಾವಾಸ್ಯೆ ನಾಳೆ ಇತ್ತು. ನಕ್ಷೆಯಲ್ಲಿ ಬಸವರಾಜನ ಗಾಡಿಯ ಚುಕ್ಕೆ ಅವನ ಮನೆಯ ಮುಂದೆಯೇ ನಿಂತಿತ್ತು. ಸಾರ್ ಬಂದು ನೋಡಿ, ನೆಟ್‌ವರ್ಕ್ ತೊಂದರೆ ಇರಬೇಕು, ಚುಕ್ಕೆ ಚಲಿಸುತ್ತದೆ, ಸ್ವಲ್ಪ ತಾಳು ಎಂದರು. ಚುಕ್ಕೆ ಚಲಿಸಲಿಲ್ಲ.

ಬಸವರಾಜನಿಗೆ ಫೋನ್ ಹಚ್ಚಿದೆ. ಆರಾಮಾಗಿ ಎತ್ತಿದ. ಅಮಾಸಿಗೆ ಖಾಜಾಭಾಯಿ ಹೋಗುತ್ತಾನಲ್ಲ, ನಾನು ಗಾಡಿ ತೊಳೆದು ನಿಲ್ಲಿಸಿದ್ದೇನೆ ಎಂದ. ಮೆಸೇಜ್ ಬರಲಿಲ್ಲವೇ ಎಂದು ಕೇಳಿದೆ.

“ಬಂದದ. ನಿಮ್ಮ ಕಂಪ್ಯೂಟರು ಒಮ್ಮೊಮ್ಮಿ ಹಳೇದೇ ತಿರುಗಿ ಕಳಸ್ತದಲ್ರಿ, ಅದೇ ಅಂತ ಬಿಟ್ಟೆ.”

ಅವನ ತಪ್ಪು ಅದರಲ್ಲಿ ಏನಿದೆ? ಒಂದು ಲೈಬ್ರರಿ ದಿನ ತಪ್ಪಿ ಹೇಳಿತು, ಇನ್ನೊಂದು ತನ್ನ ಮಾತಿನ ಬೆಲೆ ತಾನೇ ಕಳೆದುಕೊಂಡಿತ್ತು. ಎರಡೂ ಒಂದೇ ದಿನ ಕೂಡಿದವು.

ಖಾಜಾಭಾಯಿಗೆ ಹಚ್ಚಿದೆ. ಇವತ್ತು ಪಾಳಿ ಇಲ್ಲವೆಂದು ಬಾಡಿಗೆ ಹಿಡಿದು ತಾಂಡೂರಿಗೆ ಹೋಗಿದ್ದ, ಕಲ್ಲಿನ ವ್ಯಾಪಾರಿಗಳ ಜೊತೆ. ಈಗ ಹೊರಟರೂ ಆ ಕಡೆಯ ತುದಿಯಿಂದ ಈ ಕಡೆಯ ತುದಿಗೆ ಬರಬೇಕು, ಮಧ್ಯಾಹ್ನ ದಾಟುತ್ತದೆ ಎಂದ. ಅಂಬುಲೆನ್ಸ್ ಬೇರೆ ಹಳ್ಳಿಗೆ ಹೋಗಿತ್ತು. ಗೊತ್ತಿದ್ದ ಎರಡು ಬಾಡಿಗೆ ಕಾರಿನವರಿಗೂ ಕೇಳಿದೆ, ಅವರೂ ಅಮಾವಾಸ್ಯೆಯೆಂದರು. ಉಳಿದದ್ದು ಬಸವರಾಜನೊಬ್ಬನೇ. ಫೋನಿನಲ್ಲಿ ಆಗುವ ಮಾತಲ್ಲ ಎಂದು ಆಟೋ ಹತ್ತಿ ಅವನ ಮನೆಗೆ ಹೋದೆ. ಸಾರ್ ಆಸ್ಪತ್ರೆಗೆ ಹೋದರು, ಯಂತ್ರವನ್ನು ಬೇರೆಯವರಿಗೆ ಕೊಡದಂತೆ ಕೇಳಿಕೊಳ್ಳಲು.

ಗಾಡಿ ಮನೆಯ ಮುಂದೆ ಹೊಳೆಯುತ್ತ ನಿಂತಿತ್ತು. ಬಸವರಾಜ ಕನ್ನಡಿ ಒರೆಸುತ್ತಿದ್ದ. ನಾನು ಎಲ್ಲ ಹೇಳಿದೆ. ಅವನ ಮುಖ ಇಳಿಯಿತು. ಬಟ್ಟೆಯನ್ನು ಹಿಂಡುತ್ತ ನಿಂತ.

“ಬ್ಯಾರೆ ಏನರ ಹೇಳ್ರಿ, ಮಾಡ್ತೀನಿ. ಅಮಾಸಿಗಿ ಸ್ಟೇರಿಂಗ್ ಮುಟ್ಟು ಅನಬ್ಯಾಡ್ರಿ ಅಕ್ಕಾರ. ನಮ್ಮಪ್ಪ ಅಮಾಸಿ ದಿನಾನೇ ಲಾರಿ ತಗೊಂಡು ಹೋಗ್ಯಾನ, ತಿರುಗಿ ಬಂದಿಲ್ಲ. ಅವ್ವಗ ಮಾತು ಕೊಟ್ಟೀನಿ.”

ಇದೆಲ್ಲ ಸುಳ್ಳು ನಂಬಿಕೆ, ನಡೆ ಎನ್ನಲು ನನ್ನ ನಾಲಿಗೆ ಏಳಲಿಲ್ಲ. ಆ ಬೆಳಿಗ್ಗೆಯೇ ನಾನು ಶಿವನ ಮುಂದೆ ಕೈಮುಗಿದು ಬಂದವಳು. ನನ್ನ ನೇಮ ದೊಡ್ಡದು, ಅವನದು ಸಣ್ಣದು ಎನ್ನಲಾಗುತ್ತದೆಯೇ? ಅಲ್ಲಿ ಉಸಿರು ಸಿಗದೆ ಕೂತಿದ್ದ ಕಾಶವ್ವ, ಇಲ್ಲಿ ಇವನು.

ಬಾಗಿಲಲ್ಲಿ ಬಸವರಾಜನ ತಾಯಿ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು.

“ಆ ಕಾಶವ್ವಗ ಮಕ್ಕಳು ಎಷ್ಟು ಮಂದಿ?” ಎಂದು ಕೇಳಿದರು.

“ಒಬ್ಬಾಕಿನೇ ಮಗಳು, ಅತ್ತಿ. ಆಕಿನೇ ಫೋನ್ ಮಾಡ್ಯಾಳ.”

ಅವರು ಒಳಗೆ ಹೋದರು. ಮುಗಿಯಿತು, ಬಾಗಿಲು ಹಾಕಿಕೊಳ್ಳುತ್ತಾರೆ ಎಂದುಕೊಂಡೆ. ತೆಂಗಿನಕಾಯಿ, ನಿಂಬೆಹಣ್ಣು, ಕುಂಕುಮದ ತಟ್ಟೆ ಹಿಡಿದು ಹೊರಗೆ ಬಂದರು. ಸಂಜೆಗೆಂದು ಎತ್ತಿಟ್ಟಿದ್ದದ್ದು.

“ಪೂಜಾ ಈಗೇ ಆಗ್ಲಿ. ಮಾತು ನನಗ ಕೊಟ್ಟಿದ್ದಿ ಹೌದಿಲ್ಲೋ? ತಿರುಗಿ ಕೊಟ್ಟೀನಿ, ತಗೋ,” ಎಂದು ಮಗನಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, “ನೀ ಅವನ ಬಾಜೂಕ ಕುಂದ್ರು. ಸಾವಕಾಶ ಹೋಗು ಅಂತ ಹೇಳ್ತಿರು.”

ನಮ್ಮ ಓಣಿಗಳಲ್ಲಿ ಗಾಡಿಗೆ ಹೆಂಗಸರು ಕಾಯಿ ಒಡೆಯುವುದಿಲ್ಲ. ಗಂಡ ಸತ್ತವರಂತೂ ಆ ಹೊತ್ತಿಗೆ ಹೊರಗೇ ಬರುವುದಿಲ್ಲ. ಬಸವರಾಜ ಕೈ ಚಾಚಿದ. ಅವರು ಕೊಡಲಿಲ್ಲ. ತಾವೇ ಗಾಲಿಯ ಮುಂದಿನ ಕಲ್ಲಿಗೆ ಕಾಯಿ ಒಡೆದರು. ಒಂದೇ ಏಟಿಗೆ ಎರಡು ಹೋಳಾಯಿತು. ನಾನು ನನ್ನ ಹಣೆಯ ವಿಭೂತಿಯನ್ನೇ ಬೆರಳಿಗೆ ತೆಗೆದು ಗಾಡಿಯ ಮುಂದಿನ ಗಾಜಿಗೆ ಹಚ್ಚಿದೆ. ಗಾಲಿಯ ಕೆಳಗೆ ನಿಂಬೆಹಣ್ಣು ಒಡೆದ ಸದ್ದು ಕೇಳಿತು. ಹೊರಟೆವು.

ಆ ದಾರಿ ಎಂದೂ ಅಷ್ಟು ಉದ್ದ ಇರಲಿಲ್ಲ. ಎದುರಿಗೆ ಟಿಪ್ಪರ್ ಬಂದಾಗಲೆಲ್ಲ ಬಸವರಾಜನ ಕೈ ಬಿಗಿಯಾಗುವುದು ಕಾಣುತ್ತಿತ್ತು. ನಾನು ಸಾವಕಾಶ ಎನ್ನಬೇಕಿತ್ತು, ಆದರೆ ಒಳಗಿನಿಂದ ಜೋರಾಗಿ ಹೋಗಲಿ ಎಂದೇ ಬಯಸುತ್ತಿದ್ದೆ. ಎರಡನ್ನೂ ನುಂಗಿ ಓಂ ನಮಃ ಶಿವಾಯ ಎನ್ನುತ್ತ ಕೂತೆ. ನಡುವೆ ಸುನಂದಾಳ ಫೋನ್ ಬಂತು. ಎತ್ತಲು ಭಯವಾಯಿತು. ಎತ್ತಿದೆ. ಎಲ್ಲಿದ್ದೀರಿ ಎಂದಷ್ಟೇ ಕೇಳಿದಳು. ಅದೊಂದು ಕೃಪೆ.

ರಸ್ತೆಯ ಬದಿಯ ಬೇವಿನ ಗಿಡದ ಬುಡಕ್ಕೆ ಕಾಶವ್ವನನ್ನು ಆನಿಸಿ ಕೂರಿಸಿದ್ದರು. ತುಟಿ ನೀಲಿಯಾಗಿತ್ತು. ಅದೇ ಪಾಳಿಯ ಇನ್ನಿಬ್ಬರು ಪಕ್ಕದಲ್ಲಿ ನಿಂತಿದ್ದರು, ಅವರಿಗೆ ಅಷ್ಟು ತ್ರಾಸಾಗಿರಲಿಲ್ಲ. ಎಲ್ಲರೂ ಹಿಡಿದು ಕಾಶವ್ವನನ್ನು ಗಾಡಿಗೆ ಹತ್ತಿಸಿದೆವು. ಅಂಥ ಹೊತ್ತಿನಲ್ಲೂ ಆಕೆ ಡ್ರೈವರಿನ ಬೆನ್ನು ನೋಡಿ, ಉಸಿರು ಕೂಡಿಸಿಕೊಂಡು ಹೇಳಿದಳು:

“ಏನೋ ಬಸವ, ಅಮಾಸಿ ಬಿಟ್ಟು ಬಂದೀಯೇನು? ಅಂಜಬ್ಯಾಡ. ನಿನ್ನ ಗಾಡ್ಯಾಗ ನಾ ಸಾಯಂಗಿಲ್ಲ, ತೊಳದೀದಿ, ಹೊಲಸಾಗ್ತದ.”

ಬಸವರಾಜ ಆ ಬೆಳಿಗ್ಗೆ ಮೊದಲ ಸಲ ನಕ್ಕ. ಕಣ್ಣೊರೆಸಿಕೊಂಡು ನಕ್ಕ.

ಜಹೀರಾಬಾದಿನಲ್ಲಿ ಆಸ್ಪತ್ರೆಯ ಬಾಗಿಲಿಗೆ ಮಾಣಿಕರಾವ್ ಸಾರ್ ಗಾಲಿಕುರ್ಚಿ ಹಿಡಿದು ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ ಬೆವರಿಗೆ ಒದ್ದೆಯಾಗಿತ್ತು. ಯಂತ್ರವನ್ನು ಹೇಗೆ ಉಳಿಸಿದರೋ, ಯಾರ ಕಾಲು ಹಿಡಿದರೋ, ನನಗೆ ಇಂದಿಗೂ ಗೊತ್ತಿಲ್ಲ. ಅವರನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲಿ ಬೈದಿದ್ದೇನೆ. ಆ ದಿನದ್ದನ್ನು ಮಾತ್ರ ಬೇರೆಯೇ ತೆಗೆದಿಟ್ಟಿದ್ದೇನೆ. ಸಂಜೆಗೆ ಕಾಶವ್ವನ ಉಸಿರು ತಿಳಿಯಾಯಿತು. ನನ್ನ ಡಬ್ಬಿಯ ಹೋಳಿಗೆಯನ್ನು ಸುನಂದಾ ತಿಂದಳು. ಬೆಳಗಿನಿಂದ ಅವಳ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

ಮರುದಿನ ಕೂತು ಹುಡುಕಿದೆ. ಪಂಚಾಂಗದ ಲೈಬ್ರರಿಯ ಹೊಸ ಆವೃತ್ತಿ ಆಗಲೇ ನಮ್ಮೊಳಗೆ ಬಂದು ಕೂತಿತ್ತು. ಅದನ್ನು ಬರೆದವರು ನಾನು ಕೊಡುತ್ತಿದ್ದ ಸಂಜೆಯ ಸೂಚನೆಯನ್ನು ತೆಗೆದುಹಾಕಿ ಬೇರೆ ಪದ್ಧತಿ ಇಟ್ಟಿದ್ದರು. ಬದಲಾವಣೆಯ ಟಿಪ್ಪಣಿಯಲ್ಲಿ ಅದನ್ನು ಹೇಳಿಯೂ ಇದ್ದರು, ಮೋಸವೇನಿಲ್ಲ. ನನ್ನ ಕೋಡು ಮಾತ್ರ ಹಳೆಯ ಸೂಚನೆಯನ್ನೇ ಕೊಡುತ್ತಿತ್ತು. ಲೈಬ್ರರಿ ಅದನ್ನು ತಿಳಿಯದೆ, ತಿಳಿಯಲಿಲ್ಲ ಎಂದೂ ಹೇಳದೆ, ಸುಮ್ಮನೆ ತನ್ನ ಸೂರ್ಯೋದಯದ ಲೆಕ್ಕಕ್ಕೆ ಹೋಗಿತ್ತು. ಆ ಸೋಮವಾರ ಸೂರ್ಯ ಹುಟ್ಟುವಾಗ ಚತುರ್ದಶಿ ಇತ್ತು. ಅದಾದ ಸ್ವಲ್ಪ ಹೊತ್ತಿಗೆ ಅಮಾವಾಸ್ಯೆ ಹಿಡಿದು ಮಂಗಳವಾರದ ಸೂರ್ಯನನ್ನು ಕಂಡು ಬಿಟ್ಟಿತ್ತು. ಲೈಬ್ರರಿಯ ಲೆಕ್ಕಕ್ಕೆ ಮಂಗಳವಾರವೇ ಸರಿ.

ಈ ಕೆಲಸಕ್ಕೆ ಬರುವ ಮಕ್ಕಳೇ, ತಪ್ಪಾದಾಗ ಬೈದು ನಿಲ್ಲುವ ಲೈಬ್ರರಿಗೆ ಅಂಜಬೇಡಿ. ಅದು ನಿಂತಲ್ಲಿ ನೀವೂ ನಿಂತು ಸರಿಮಾಡುತ್ತೀರಿ. ತಿಳಿಯದಿದ್ದರೂ ಹೂಂ ಎನ್ನುವ ಲೈಬ್ರರಿಗೆ ಅಂಜಿ. ಹೊಸದನ್ನು ಒಳಗೆ ತರುವಾಗ ಮೊದಲು ಅದಕ್ಕೆ ಅಡ್ಡಾದಿಡ್ಡಿ ಏನಾದರೂ ಕೇಳಿ ನೋಡಿ, ತಿಳಿಯದು ಎನ್ನುತ್ತದೆಯೋ, ಸುಮ್ಮನೆ ಏನೋ ಒಂದು ಹೇಳುತ್ತದೆಯೋ. ಅದನ್ನು ಮನೆ ತುಂಬ ಓಡಾಡಲು ಬಿಡಬೇಡಿ. ನಡುವೆ ನಿಮ್ಮದೇ ಒಂದು ಸಣ್ಣ ಬಾಗಿಲು ಇಡಿ, ಹೋಗುವುದೂ ಬರುವುದೂ ಅಲ್ಲಿಂದಲೇ ಆಗಲಿ. ಆವೃತ್ತಿಯನ್ನು ತಾನಾಗಿ ಬದಲಾಗದಂತೆ ಕಟ್ಟಿಹಾಕಿ. ಬಿಚ್ಚುವಾಗ ಟಿಪ್ಪಣಿ ಓದಿ ಬಿಚ್ಚಿ.

ನಾನು ಆ ಬಾಗಿಲು ಮಾಡಿದೆ. ಸೂರ್ಯೋದಯದ ಲೆಕ್ಕಕ್ಕೂ ಸಂಜೆಯ ಲೆಕ್ಕಕ್ಕೂ ಬೇರೆ ಬೇರೆ ದಿನ ಬಂದರೆ ವೆಬ್‌ಸೈಟು ತಾನೇ ನಿರ್ಧಾರ ಮಾಡಬಾರದು, ಮನುಷ್ಯರನ್ನು ಕೇಳಬೇಕು ಎಂದು ಬರೆದೆ. ಕೇಳಲು ಒಂದು ಫೋನ್ ನಂಬರ್ ಬೇಕಿತ್ತು, ನನ್ನದೇ ಹಾಕಿದೆ. ಮೆಸೇಜಿನ ಲೈಬ್ರರಿಯನ್ನು ಕಿತ್ತು ಬೇರೆ ತಂದೆ. ಮುಂದಿನ ಸೋಮವಾರ ಸಾರ್ ನನ್ನ ಮೇಜಿನ ಹತ್ತಿರ ಬಂದು, ಈ ವಾರ ಏನೇನು ಬದಲಾಗಿದೆ, ಓದಿ ಹೇಳು ಎಂದರು. ಆಮೇಲೆ ಪ್ರತಿ ಸೋಮವಾರ ಬಂದು ಕೇಳಿದರು.

ಕಾಶವ್ವ ಮುಂದೆ ಕೆಲವು ವರ್ಷ ಬದುಕಿದಳು. ಮೊಮ್ಮಗಳನ್ನು ಎತ್ತಿಕೊಂಡಳು. ಹೋದದ್ದು ತನ್ನ ಮನೆಯಲ್ಲಿ, ಮಗಳ ಕೈಯ ನೀರು ಕುಡಿದು. ರಸ್ತೆಯ ಬದಿಯಲ್ಲಿ ಅಲ್ಲ.

ಅತ್ತೆಯ ಕಾಲು ಸೋತ ಮೇಲೆ ನಾನು ಕೆಲಸ ಬಿಟ್ಟೆ. ನನ್ನ ಜಾಗಕ್ಕೆ ಬಂದ ಹುಡುಗಿ ಒಳ್ಳೆಯವಳು. ಹೋದ ತಿಂಗಳು ಫೋನ್ ಮಾಡಿ, ಮೇಡಂ, ಕೋಡಿನಲ್ಲಿ ಇನ್ನೂ ನಿಮ್ಮ ನಂಬರ್ ಇದೆ, ತೆಗೆದು ನನ್ನದು ಹಾಕಲೇ ಎಂದಳು. ಸರಿಯಾದ ಮಾತು, ಹಾಕಿಕೊ ಎಂದೆ. ಆದರೆ ನಿಮ್ಮ ಮನೆಯಲ್ಲಿ ಅಮಾವಾಸ್ಯೆ ಹಿಡಿಯುತ್ತಾರೇನು ಎಂದು ಕೇಳಿದೆ. ಇಲ್ಲ ಮೇಡಂ, ನಾವು ಚರ್ಚಿಗೆ ಹೋಗುವವರು ಎಂದಳು. ಇಬ್ಬರೂ ನಕ್ಕೆವು. ಹಾಗಾದರೆ ಎರಡೂ ನಂಬರ್ ಇರಲಿ ಎಂದೆ.

ನಿನ್ನೆ ಸಂಜೆ ರೊಟ್ಟಿ ತಟ್ಟುತ್ತಿದ್ದಾಗ ವೆಬ್‌ಸೈಟಿನ ಮೆಸೇಜ್ ಬಂತು. ಅಮಾವಾಸ್ಯೆ ನಾಳೆಯೋ ನಾಡಿದ್ದೋ? ಹಿಟ್ಟಿನ ಕೈಯಲ್ಲೇ ಹೋಗಿ ಮಂಚದ ಮೇಲಿದ್ದ ಅತ್ತೆಯನ್ನು ಕೇಳಿದೆ, ಗೋಡೆಯ ಕ್ಯಾಲೆಂಡರ್ ನೋಡಿದೆ, ಬಸವರಾಜನಿಗೂ ಫೋನ್ ಹಚ್ಚಿದೆ. ಮೂರೂ ಕಡೆ ಒಂದೇ ಉತ್ತರ. ನಾಳೆ ಎಂದು ಬರೆದು ಕಳಿಸಿದೆ. ಆದರೂ ಇವತ್ತು ಬೆಳಿಗ್ಗೆ ಖಾಜಾಭಾಯಿಯ ಗಾಡಿ ನಮ್ಮ ಓಣಿಯ ತುದಿಯಲ್ಲಿ ಹಾರ್ನ್ ಹೊಡೆದು ನಾರಾಯಣಖೇಡದ ಕಡೆ ತಿರುಗುವ ತನಕ, ಮುಚ್ಚಿದ ಕಣ್ಣು ತೆರೆಯದೆ ದೇವರ ಮುಂದೆ ಕೂತೇ ಇದ್ದೆ.